ಗದ್ದೆಯ ಪಂಚಾಂಗ: ಕೊಡಗಿನ ಹಬ್ಬಗಳು ಮತ್ತು ನೋಡತಕ್ಕ ಸ್ಥಳಗಳು



ಬೆಟ್ಟದ ಮೇಲೆ ದರ್ಶನ ಮುಗಿಸಿ, ಪ್ರಸಾದ ತೆಗೆದುಕೊಂಡ ಮೇಲೆ ಬಹಳಷ್ಟು ಭಕ್ತಾದಿಗಳು ಕಚೇರಿಯ ಕಿಟಕಿಗೆ ಬಂದು ಕೇಳುವ ಪ್ರಶ್ನೆ ಒಂದೇ. "ಸ್ವಾಮಿ, ಎರಡು ದಿನ ಟೈಮ್ ಇದೆ, ಕೊಡಗಲ್ಲಿ ಇನ್ನೇನು ನೋಡೋದಿದೆ?" ಪಟ್ಟಿ ಹೇಳುವುದು ಸುಲಭ. ಮಡಿಕೇರಿ ಕೋಟೆ, ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ, ಇರ್ಪು ಅಂತ ಬಾಯಿಪಾಠ ಒಪ್ಪಿಸಿದರೆ ಕೇಳಿದವರು ಬರೆದುಕೊಂಡು ಹೋಗುತ್ತಾರೆ. ಆದರೆ ಹಾಗೆ ಸ್ಥಳದ ಲೆಕ್ಕದಲ್ಲಿ ಕೊಡಗನ್ನು ನೋಡಿದವರಿಗೆ ಅರ್ಧ ಮಾತ್ರ ಕಾಣುತ್ತದೆ. ತಿಂಗಳ ಲೆಕ್ಕದಲ್ಲಿ ನೋಡಿದವರಿಗೆ ಪೂರ್ತಿ ಕಾಣುತ್ತದೆ. ಯಾಕೆಂದರೆ ಇಲ್ಲಿನ ದೊಡ್ಡ ಹಬ್ಬಗಳಲ್ಲಿ ಹೆಚ್ಚಿನವು ಭತ್ತದ ಗದ್ದೆಯ ಕೆಲಸವನ್ನು ಹಿಂಬಾಲಿಸಿಕೊಂಡು ಬರುತ್ತವೆ. ಉಳುವಾಗ ಒಂದು, ನಾಟಿ ಮುಗಿದಾಗ ಒಂದು, ತೆನೆ ತುಂಬುವಾಗ ಒಂದು, ಕೊಯ್ಯುವಾಗ ಒಂದು. ಈ ಲೆಕ್ಕ ತಿಳಿದರೆ ಯಾವ ತಿಂಗಳು ಬಂದರೆ ಏನು ಸಿಗುತ್ತದೆ ಅನ್ನೋದು ತಾನಾಗಿ ಗೊತ್ತಾಗುತ್ತದೆ. ಆ ಲೆಕ್ಕವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

1. ನಾಡಿನ ಕಿರು ಪರಿಚಯ

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿ.ಮೀ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ ಎಂಬ ಐದು ತಾಲ್ಲೂಕುಗಳಿವೆ. 1956ರ ನವೆಂಬರ್ 1ರವರೆಗೆ ಇದು ಬೇರೆಯೇ ರಾಜ್ಯವಾಗಿತ್ತು. ಆ ದಿನ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯೊಳಗೆ ರೈಲು ಇಲ್ಲ. ಮೈಸೂರಿಗೆ ರೈಲಿನಲ್ಲಿ ಬಂದು, ಅಲ್ಲಿಂದ ಮಡಿಕೇರಿಗೆ ಸುಮಾರು 120 ಕಿ.ಮೀ. ಬಸ್ಸಿನಲ್ಲಿ ಬರಬೇಕು.

ಭೂಮಿಯ ರಚನೆ ನೋಡಿ. ಮೇಲೆ ಬೆಟ್ಟ ಮತ್ತು ಕಾಡು, ನಡುವಿನ ಇಳಿಜಾರಿನಲ್ಲಿ ಕಾಫಿ ತೋಟ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಉದ್ದಕ್ಕೆ ಹಾವಿನಂತೆ ಹರಿದ ಭತ್ತದ ಗದ್ದೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಆ ನೀರಿನ ಒಂದು ಪಾಲು ಬದು ಕಟ್ಟಿದ ಗದ್ದೆಯಲ್ಲಿ ನಿಂತು, ನಿಧಾನವಾಗಿ ಇಂಗಿ, ತೊರೆಗೆ ಸೇರಿ ಕೊನೆಗೆ ಕಾವೇರಿಗೆ ಹೋಗುತ್ತದೆ. ಕಾವೇರಿ ಸುಮಾರು 800 ಕಿ.ಮೀ. ಹರಿದು ಬಂಗಾಳಕೊಲ್ಲಿ ಸೇರುತ್ತಾಳೆ. ಮಂಡ್ಯದ ಕಬ್ಬಿಗೂ, ಬೆಂಗಳೂರಿನ ನಲ್ಲಿಗೂ, ತಂಜಾವೂರಿನ ಗದ್ದೆಗೂ ಇಲ್ಲಿನ ಮಳೆಯೇ ಒಂದು ಮೂಲ. ಆದ್ದರಿಂದ ಕೊಡಗಿನ ಗದ್ದೆಯ ಮಾತು ಕೊಡಗಿನವರಿಗೆ ಮಾತ್ರ ಸಂಬಂಧಿಸಿದ್ದು ಅಂತ ತಿಳಿಯಬಾರದು.

ಇಲ್ಲಿ ಕೊಡವರು, ಅರೆಭಾಷೆ ಮಾತಾಡುವ ಗೌಡರು, ಯರವರು, ಜೇನುಕುರುಬರು ಮೊದಲಾದ ಅನೇಕ ಜನಾಂಗದವರಿದ್ದಾರೆ. ಆಚರಣೆಯಲ್ಲಿ ಮನೆಯಿಂದ ಮನೆಗೆ, ನಾಡಿನಿಂದ ನಾಡಿಗೆ ಸ್ವಲ್ಪ ವ್ಯತ್ಯಾಸ ಇರೋದು ಸಹಜ.

2. ವರ್ಷದ ಮೊದಲ ಉಳುಮೆ: ಎಡಮ್ಯಾರ್ ಒಂದ್ (ಏಪ್ರಿಲ್)

ಕೊಡವರ ವರ್ಷ ಏಪ್ರಿಲ್ ಮಧ್ಯಭಾಗದಲ್ಲಿ, ಸೌರಮಾನ ಯುಗಾದಿಯ ಹೊತ್ತಿಗೆ ಶುರುವಾಗುತ್ತದೆ. ಆ ದಿನಕ್ಕೆ ಎಡಮ್ಯಾರ್ ಒಂದ್ ಎನ್ನುತ್ತಾರೆ. ಬೆಳಿಗ್ಗೆ ಎತ್ತುಗಳನ್ನು ಗದ್ದೆಗೆ ಇಳಿಸಿ, ಪೂಜೆ ಮಾಡಿ, ಶಾಸ್ತ್ರಕ್ಕೆ ಕೆಲವು ಸಾಲು ಉಳುತ್ತಾರೆ. ವರ್ಷದ ಮೊದಲ ದಿನ ಮೊದಲು ಮಾಡುವ ಕೆಲಸ ಉಳುಮೆ ಎಂಬುದನ್ನು ಗಮನಿಸಿ. ಇಡೀ ಪಂಚಾಂಗದ ಬೀಜ ಇಲ್ಲೇ ಇದೆ.

ಏಪ್ರಿಲ್, ಮೇ ತಿಂಗಳಲ್ಲಿ ಗದ್ದೆಯಲ್ಲಿ ಕೆಲಸ ಕಡಿಮೆ. ಆಗಲೇ ಊರ ದೇವರ ಹಬ್ಬಗಳು, ಆಗಲೇ ಆಟೋಟ. ಕೊಡವ ಕುಟುಂಬಗಳ ಹಾಕಿ ಹಬ್ಬ ನಡೆಯುವುದೂ ಈ ಬಿಡುವಿನಲ್ಲೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡ ಸೇರಿಸಿ ಇದನ್ನು ಆರಂಭಿಸಿದರು. ಒಂದು ತಂಡವೆಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನ. ತಾತ, ಮೊಮ್ಮಗ, ಸೊಸೆ ಒಟ್ಟಿಗೆ ಆಡುವುದೂ ಉಂಟು. ಪ್ರತಿ ವರ್ಷ ಒಂದೊಂದು ಮನೆತನ ಜವಾಬ್ದಾರಿ ಹೊರುತ್ತದೆ. 2018ರ ನಂತರ ಮಳೆ ಅನಾಹುತ, ಆಮೇಲೆ ಕೋವಿಡ್ ಕಾರಣದಿಂದ ಕೆಲವು ವರ್ಷ ನಿಂತಿತ್ತು. 2023ರಲ್ಲಿ ನಾಪೋಕ್ಲುವಿನಲ್ಲಿ ಮತ್ತೆ ಶುರುವಾಗಿ, 2024ರಲ್ಲಿ ಅಲ್ಲಿಯೇ 360 ಕುಟುಂಬಗಳು ಭಾಗವಹಿಸಿ ಗಿನ್ನೆಸ್ ದಾಖಲೆಯಾಯಿತು.

ಮೇ ತಿಂಗಳ ಕೊನೆಯ ಭಾಗದಲ್ಲಿ ಗೋಣಿಕೊಪ್ಪದ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಯರವರು ಮೊದಲಾದವರು ಬಗೆಬಗೆಯ ವೇಷ ಹಾಕಿಕೊಂಡು, ದೇವರನ್ನೇ ಬೈದು ಹಾಡುತ್ತಾ, ಕುಣಿಯುತ್ತಾ ಬರುತ್ತಾರೆ. ಎದುರಿಗೆ ಸಿಕ್ಕವರಿಗೂ ಬೈಗುಳ ತಪ್ಪದು. ಹೊಸಬರು ಗಾಬರಿಯಾಗಬಾರದು, ಸಿಟ್ಟೂ ಮಾಡಬಾರದು. ಅದು ಅವರ ಹರಕೆ. ವರ್ಷವಿಡೀ ತೋಟದಲ್ಲಿ, ಗದ್ದೆಯಲ್ಲಿ ಬೇರೆಯವರ ಮಾತು ಕೇಳಿ ದುಡಿಯುವ ಜನ ಆ ಒಂದು ದಿನ ತಮ್ಮ ಮಾತು ಕೇಳಿಸುತ್ತಾರೆ. ಮಳೆ ಹಿಡಿದ ಮೇಲೆ ಅಗೆ ಕಿತ್ತು ನಾಟಿ ಮಾಡುವ ಕೈಗಳಲ್ಲಿ ಇವರ ಕೈಗಳೂ ಸೇರಿವೆ ಎಂಬುದು ನೆನಪಿರಲಿ.

3. ನಾಟಿ ಮುಗಿದ ಮೇಲೆ: ಕೈಲ್ ಪೊಳ್ದ್ (ಸೆಪ್ಟೆಂಬರ್)

ಜೂನ್‌ನಿಂದ ಆಗಸ್ಟ್‌ವರೆಗೆ ಘನ ಮಳೆ. ಸಸಿಮಡಿ ಮಾಡಿ, ಗದ್ದೆ ಉತ್ತು, ನಾಟಿ ಮಾಡುವ ಕಾಲ. ಹಿಂದೆ ನಾಟಿ ಮುಗಿದ ದಿನ ದೊಡ್ಡ ಗದ್ದೆಯ ಕೆಸರಿನಲ್ಲೇ ಓಟದ ಪಂದ್ಯ ಇಡುತ್ತಿದ್ದರು. ಗೆದ್ದವನಿಗೆ ತೆಂಗಿನಕಾಯಿ, ಬಾಳೆಗೊನೆ. ಈಗಿನ ಕೆಸರುಗದ್ದೆ ಕ್ರೀಡಾಕೂಟಗಳಲ್ಲಿ ಅದರ ನೆನಪು ಉಳಿದಿದೆ.

ನಾಟಿಯ ನಂತರ ಸಾಮಾನ್ಯವಾಗಿ ಸೆಪ್ಟೆಂಬರ್ 3ರ ಹೊತ್ತಿಗೆ ಕೈಲ್ ಪೊಳ್ದ್ ಬರುತ್ತದೆ. ಕೈಲ್ ಮುಹೂರ್ತ ಅಂತಲೂ ಕರೆಯುತ್ತಾರೆ. ಅಂದು ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಒರೆಸಿ ದೇವರ ಮುಂದಿಟ್ಟು ಪೂಜಿಸುತ್ತಾರೆ. ಕೋವಿಗೆ ಮುಡಿಸುವ ಕೆಂಪು ಹಳದಿ ಹೂವಿಗೆ ಕೊಡವ ಭಾಷೆಯಲ್ಲಿ ತೋಕ್ ಪೂ ಎಂದು ಹೆಸರು. ತೋಕ್ ಎಂದರೆ ಕೋವಿ, ಪೂ ಎಂದರೆ ಹೂ. ನಮ್ಮ ಕಡೆ ಇದನ್ನೇ ಗೌರಿ ಹೂ ಎನ್ನುತ್ತಾರೆ. ಉತ್ತು ದಣಿದ ಎತ್ತುಗಳಿಗೆ ಅಂದು ಮೈತೊಳೆದು ವಿಶ್ರಾಂತಿ. ಮನೆಯಲ್ಲಿ ಅಕ್ಕಿ ತರಿಯ ಕಡಂಬುಟ್ಟು, ಮಾಂಸದಡುಗೆ. ಸಂಜೆ ಮೈದಾನದಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆ.

ಆಯುಧಪೂಜೆ ನಾಟಿ ಮುಗಿದ ಮೇಲೆ ಯಾಕೆ ಅಂದರೆ ಹಿರಿಯರು ಕೊಡುವ ವಿವರಣೆ ಸರಳ. ಮಳೆಗಾಲದಲ್ಲಿ ಗಂಡಸರ ಕೈ ನೇಗಿಲಿನ ಮೇಲೆ, ಕೋವಿ ಮೂಲೆಯಲ್ಲಿ. ನಾಟಿಯಾದ ಪೈರನ್ನು ಕಾಡುಹಂದಿಯಿಂದ ಕಾಯುವ ಕಾಲ ಬಂತು, ಆಗ ಕೋವಿ ಹೊರಗೆ ಬರಬೇಕು.

4. ತೆನೆ ತುಂಬುವ ಕಾಲ: ದಸರಾ ಮತ್ತು ಕಾವೇರಿ ಸಂಕ್ರಮಣ (ಅಕ್ಟೋಬರ್)

ಮಡಿಕೇರಿ ದಸರಾ ಗದ್ದೆಯ ಹಬ್ಬ ಅಲ್ಲ, ಪಟ್ಟಣದ ಹಬ್ಬ. ನವರಾತ್ರಿಯ ಮೊದಲ ದಿನ ಪಂಪಿನ ಕೆರೆಯಿಂದ ನಾಲ್ಕು ಶಕ್ತಿ ದೇವತೆಗಳ ಕರಗ ಹೊರಡುತ್ತದೆ. ಊರಿಗೆ ಬಂದ ಸಾಂಕ್ರಾಮಿಕ ರೋಗ ತೊಲಗಲೆಂದು ಅರಸರ ಕಾಲದಲ್ಲಿ ಇದು ಆರಂಭವಾಯಿತೆಂಬ ನಂಬಿಕೆಯಿದೆ. ವಿಜಯದಶಮಿಯ ರಾತ್ರಿ ಹತ್ತು ದೇವಾಲಯಗಳ ಹತ್ತು ಮಂಟಪಗಳು ಪುರಾಣ ಕಥೆಗಳ ಪ್ರದರ್ಶನದೊಂದಿಗೆ ಬೆಳಗಿನ ಜಾವದವರೆಗೆ ಮೆರವಣಿಗೆ ಹೋಗುತ್ತವೆ. ಮೈಸೂರು ದಸರಾ ಹಗಲಿನಲ್ಲಿ ನೋಡಿ, ರಾತ್ರಿ ಮಡಿಕೇರಿಗೆ ಬರುವವರೂ ಇದ್ದಾರೆ. ಅಂಥವರು ತಂಗಲು ಮುಂಚೆಯೇ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು.

ಮಡಿಕೇರಿಯಲ್ಲಿ ಹಗಲು ನೋಡತಕ್ಕವು: 17ನೇ ಶತಮಾನದ ಕೊನೆಯಲ್ಲಿ ಮುದ್ದುರಾಜ ಕಟ್ಟಿಸಿದ ಮೂಲ ಕೋಟೆಯ ಜಾಗದಲ್ಲಿರುವ ಈಗಿನ ಕೋಟೆ ಮತ್ತು ಅದರೊಳಗಿನ ಎರಡು ಗಾರೆ ಆನೆಗಳು, ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ, ಗುಮ್ಮಟವಿರುವ ಓಂಕಾರೇಶ್ವರ ದೇವಾಲಯ ಮತ್ತು ಅದರ ಮುಂದಿನ ಕೊಳ, ಅರಸರ ಗದ್ದಿಗೆಗಳು, ಸೂರ್ಯಾಸ್ತಕ್ಕೆ ರಾಜಾಸೀಟು.

ಇನ್ನು ಕಾವೇರಿ ಸಂಕ್ರಮಣ. ಸೂರ್ಯ ತುಲಾ ರಾಶಿಗೆ ಪ್ರವೇಶಿಸುವ ಮುಹೂರ್ತದಲ್ಲಿ, ಸಾಮಾನ್ಯವಾಗಿ ಅಕ್ಟೋಬರ್ 17ರಂದು, ಕೆಲವು ವರ್ಷ 18ರಂದು, ತಲಕಾವೇರಿಯ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುತ್ತದೆ. ಗಂಟೆ ಪ್ರತಿ ವರ್ಷ ಬೇರೆ. ಕೆಲವೊಮ್ಮೆ ಮಧ್ಯರಾತ್ರಿ, ಕೆಲವೊಮ್ಮೆ ನಡು ಹಗಲು. ತಲಕಾವೇರಿ ಸಮುದ್ರ ಮಟ್ಟದಿಂದ 1,276 ಮೀಟರ್ ಎತ್ತರದಲ್ಲಿ ಬ್ರಹ್ಮಗಿರಿಯ ಮಗ್ಗುಲಲ್ಲಿದೆ. ಮಡಿಕೇರಿಯಿಂದ ಭಾಗಮಂಡಲ ಸುಮಾರು 40 ಕಿ.ಮೀ., ಅಲ್ಲಿಂದ ತಲಕಾವೇರಿ 8 ಕಿ.ಮೀ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿಯ ಸಂಗಮ. ಮೊದಲು ಅಲ್ಲಿ ಸ್ನಾನ, ಪಿತೃಕಾರ್ಯ ಮುಗಿಸಿ, ಭಗಂಡೇಶ್ವರನ ದರ್ಶನ ಮಾಡಿ, ಆಮೇಲೆ ಮೇಲೆ ಹತ್ತುವುದು ಪದ್ಧತಿ.

ಹೊರಗಿನಿಂದ ಬಂದವರು ತೀರ್ಥದ ಬಾಟಲಿ ತುಂಬಿಸಿಕೊಂಡು ಹಿಂತಿರುಗುತ್ತಾರೆ. ಆದರೆ ಹಬ್ಬ ಮನೆಗಳಲ್ಲೂ ನಡೆಯುತ್ತದೆ. ಸೌತೆಕಾಯಿ ಅಥವಾ ತೆಂಗಿನಕಾಯಿಗೆ ಕೆಂಪು ವಸ್ತ್ರ ಸುತ್ತಿ, ಬಳೆ, ಆಭರಣ ತೊಡಿಸಿ, ತಟ್ಟೆಯಲ್ಲಿ ಅಕ್ಕಿಯ ಮೇಲಿಟ್ಟು ಅದನ್ನೇ ಕಾವೇರಮ್ಮ ಎಂದು ಹೆಂಗಸರು ಪೂಜಿಸುತ್ತಾರೆ. ಇದು ಕಣಿ ಪೂಜೆ. ಗದ್ದೆಯಲ್ಲಿ, ಬಾವಿಯ ಹತ್ತಿರ ಬಳ್ಳಿ ಸುತ್ತಿದ ಕೋಲು ನೆಡುತ್ತಾರೆ. ಇದಕ್ಕೆ ಬೊತ್ತ್ ಎಂದು ಹೆಸರು. ಪೈರು ಹೊಡೆಯೊಡೆದು ತೆನೆ ತುಂಬುವ ಸಮಯ ಅದು. ಆಗ ಗದ್ದೆಗೆ ದೃಷ್ಟಿ ತಾಗಬಾರದು, ನೀರು ತಪ್ಪಬಾರದು. ನದಿಯ ಹಬ್ಬ ಗದ್ದೆಯ ಬದುವಿನವರೆಗೂ ಬರುವುದು ಹೀಗೆ.

5. ಹೊಸ ಅಕ್ಕಿ: ಪುತ್ತರಿ (ನವೆಂಬರ್–ಡಿಸೆಂಬರ್)

ಕೊಡಗಿನ ಅತಿ ದೊಡ್ಡ ಹಬ್ಬ ಪುತ್ತರಿ, ಕನ್ನಡದಲ್ಲಿ ಹುತ್ತರಿ. ಪುದಿಯ ಅರಿ ಎಂದರೆ ಹೊಸ ಅಕ್ಕಿ. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನಲ್ಲಿ, ಹುಣ್ಣಿಮೆಯ ಆಸುಪಾಸಿನಲ್ಲಿ ಬರುತ್ತದೆ. ದಿನ ಮತ್ತು ಮುಹೂರ್ತವನ್ನು ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ದೇವಾಲಯದಲ್ಲಿ ನಿಶ್ಚಯಿಸುತ್ತಾರೆ. ಇಗ್ಗುತಪ್ಪ ಮಳೆ ಬೆಳೆಯ ದೇವರು. ಮಳೆ ಕೊಟ್ಟವನೇ ಕೊಯ್ಲಿಗೆ ಗಂಟೆಯನ್ನೂ ಕೊಡಬೇಕು ಅನ್ನೋದು ಇಲ್ಲಿನ ಭಾವನೆ.

ಮೂರು ಮುಹೂರ್ತಗಳನ್ನು ಇಟ್ಟುಕೊಂಡು ಹಬ್ಬ ನಡೆಯುತ್ತದೆ. ಮೊದಲನೆಯದು ನೆರೆ ಕಟ್ಟುವುದು: ಅಶ್ವತ್ಥ, ಮಾವು ಸೇರಿದಂತೆ ಐದು ಬಗೆಯ ಮರದ ಎಲೆಗಳನ್ನು ಒಟ್ಟಿಗೆ ಕಟ್ಟುತ್ತಾರೆ. ಎರಡನೆಯದು ಕದಿರು ತೆಗೆಯುವುದು: ಐನ್ ಮನೆಯಲ್ಲಿ, ಅಂದರೆ ಮೂಲ ಮನೆಯಲ್ಲಿ ಒಕ್ಕದವರೆಲ್ಲ ಸೇರಿ, ದೀಪ ಹಿಡಿದು ಬೆಳದಿಂಗಳಲ್ಲಿ ಗದ್ದೆಗೆ ಹೋಗುತ್ತಾರೆ. ಗಾಳಿಯಲ್ಲಿ ಗುಂಡು ಹಾರಿಸಿ, ಬೆಸ ಸಂಖ್ಯೆಯಲ್ಲಿ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಎಂದು ಕೂಗುತ್ತಾ ಮನೆಗೆ ತರುತ್ತಾರೆ. ಹೆಚ್ಚಲಿ, ಸಮೃದ್ಧಿಯಾಗಲಿ ದೇವರೇ ಎಂಬುದು ಅದರ ಅರ್ಥ. ಆ ತೆನೆಗಳನ್ನು ನೆರೆಯ ಎಲೆಯ ಜೊತೆ ಸೇರಿಸಿ ದೀಪಕ್ಕೆ, ಕಂಬಕ್ಕೆ, ಬಾಗಿಲಿಗೆ, ಕಣಜಕ್ಕೆ ಕಟ್ಟುತ್ತಾರೆ. ಮೂರನೆಯದು ಊಟ: ಬಾಳೆಹಣ್ಣು ಮತ್ತು ಹುರಿದ ಅಕ್ಕಿ ಹಿಟ್ಟಿನ ತಂಬುಟ್ಟು, ಪುತ್ತರಿ ಗೆಣಸು, ಹೊಸ ಅಕ್ಕಿ ಬೆರೆಸಿದ ಪಾಯಸ.

ಮರುದಿನದಿಂದ ಊರ ಮಂದ್‌ಗಳಲ್ಲಿ ಪುತ್ತರಿ ಕೋಲಾಟ. ಮಂದ್ ಎಂದರೆ ಊರಿನವರು ಸೇರುವ ಬಯಲು. ಕುಪ್ಪಸ ತೊಟ್ಟು, ಚೇಲೆ ಕಟ್ಟಿ, ಗಂಡಸರು ವೃತ್ತಾಕಾರದಲ್ಲಿ ಬೆತ್ತ ತಾಗಿಸಿ ಕುಣಿಯುತ್ತಾರೆ. ಬೆತ್ತದಿಂದ ಮೊಣಕಾಲ ಕೆಳಗೆ ಹೊಡೆದು ಆಡುವ ಪರೆಯಕಳಿ ಎಂಬ ಆಟವೂ ಉಂಟು. ಹೊರಗಿನವರು ನಿಂತು ನೋಡಲು ಅಡ್ಡಿಯಿಲ್ಲ. ಮಂದ್‌ಗೆ ಚಪ್ಪಲಿ ಹಾಕಿಕೊಂಡು ಹೋಗಬಾರದು.

6. ಕೊಯ್ಲಿನ ನಂತರ (ಜನವರಿ–ಮಾರ್ಚ್)

ಈಗ ಗದ್ದೆ ಖಾಲಿ, ಹಾದಿ ಒಣಗಿರುತ್ತದೆ. ಸ್ಥಳ ನೋಡಲು ಇದೇ ಒಳ್ಳೆ ಕಾಲ. ಮಹಾಶಿವರಾತ್ರಿಗೆ ಬ್ರಹ್ಮಗಿರಿ ತಪ್ಪಲಿನ ಇರ್ಪು ರಾಮೇಶ್ವರ ದೇವಾಲಯಕ್ಕೆ ಜನ ಸಾಗರವಾಗಿ ಬರುತ್ತಾರೆ. ವಿರಾಜಪೇಟೆಯಿಂದ ಸುಮಾರು 48 ಕಿ.ಮೀ. ರಾಮನಿಗೆ ಬಾಯಾರಿದಾಗ ಲಕ್ಷ್ಮಣ ಬಾಣ ಬಿಟ್ಟು ನೀರು ತರಿಸಿದನೆಂದು ಸ್ಥಳಪುರಾಣ. ಜಲಪಾತದ ನೀರೇ ಲಕ್ಷ್ಮಣತೀರ್ಥ ನದಿಯಾಗಿ ಮುಂದೆ ಕಾವೇರಿಯನ್ನು ಸೇರುತ್ತದೆ.

ಕಕ್ಕಬ್ಬೆಯಲ್ಲಿ ಇಗ್ಗುತಪ್ಪನ ದರ್ಶನ ಮಾಡಿದವರು ಹತ್ತಿರದ ನಾಲ್ಕುನಾಡು ಅರಮನೆಯನ್ನೂ ನೋಡಬೇಕು. ದೊಡ್ಡ ವೀರರಾಜೇಂದ್ರ 1790ರ ದಶಕದಲ್ಲಿ ಕಟ್ಟಿಸಿದ್ದು. ಕೊನೆಯ ಅರಸ ಚಿಕ್ಕ ವೀರರಾಜೇಂದ್ರ 1834ರಲ್ಲಿ ಬ್ರಿಟಿಷರಿಗೆ ಶರಣಾಗುವ ಮೊದಲು ಆಶ್ರಯ ಪಡೆದ ಜಾಗವೂ ಇದೇ. ಅಲ್ಲಿಂದ ಮೇಲಕ್ಕೆ ನಡೆದರೆ 1,748 ಮೀಟರ್ ಎತ್ತರದ ತಡಿಯಂಡಮೋಳ್.

ಜಿಲ್ಲೆಯಲ್ಲಿ 1,214 ದೇವರಕಾಡುಗಳು ದಾಖಲೆಯಲ್ಲಿವೆ. ಊರ ದೇವರ ಹೆಸರಿನಲ್ಲಿ ಬಿಟ್ಟ ಕಾಡು. ಮರ ಕಡಿಯುವಂತಿಲ್ಲ. ಬೇಸಿಗೆಯಲ್ಲಿ ಇಲ್ಲಿನ ಹಬ್ಬಗಳಲ್ಲಿ ತೆರೆ ಕಟ್ಟಿ ದೈವ ಕುಣಿಯುವುದನ್ನು ನೋಡಬಹುದು.

7. ಗದ್ದೆ ಇಲ್ಲದಿದ್ದರೆ?

ಇಷ್ಟು ಓದಿದವರಿಗೆ ಒಂದು ಮಾತು ಹೊಳೆದಿರಬೇಕು. ಹಣ ಕೊಡುವ ಬೆಳೆ ಕಾಫಿ. ಮಾರ್ಚ್ ಹೊತ್ತಿಗೆ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವುದು ಕಣ್ಣಿಗೆ ಹಬ್ಬವೇ. ಆದರೂ ಭತ್ತಕ್ಕಿರುವಂಥ ಹಬ್ಬ ಕಾಫಿಗೆ ಇಲ್ಲ. ದೀಪಕ್ಕೆ ಕಟ್ಟುವುದು ಭತ್ತದ ತೆನೆಯನ್ನೇ.

ಆ ಗದ್ದೆ ಈಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಆಳು ಸಿಗುವುದಿಲ್ಲ. ಸಿಕ್ಕರೆ ಕೂಲಿ ಕೊಟ್ಟು ಗಿಟ್ಟುವುದಿಲ್ಲ. ತೆನೆ ಬಂದ ಮೇಲೆ ಕಾಡಾನೆ ಒಂದೇ ರಾತ್ರಿಗೆ ಮುಗಿಸಿಬಿಡುತ್ತದೆ. ಮಕ್ಕಳು ಬೆಂಗಳೂರಿನಲ್ಲಿ. ಹೀಗಾಗಿ ಕೆಲವರು ಪಾಳು ಬಿಟ್ಟಿದ್ದಾರೆ, ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟಿದ್ದಾರೆ, ಕೆಲವು ಕಡೆ ಮಣ್ಣು ತುಂಬಿಸಿ ಸೈಟು ಮಾಡಿದ್ದಾರೆ. ಅವರನ್ನು ದೂರುವುದು ಸರಿಯಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಸ್ವಂತ ಗದ್ದೆಯಿಲ್ಲದ ಮನೆಯವರು ಪುತ್ತರಿಯ ರಾತ್ರಿ ಪಕ್ಕದವರ ಗದ್ದೆಗೋ, ದೇವಸ್ಥಾನದ ಗದ್ದೆಗೋ ಹೋಗಿ ಕದಿರು ತರಬೇಕಾಗುತ್ತದೆ. ಪಕ್ಕದವರೂ ಬಿಟ್ಟರೆ ಎಲ್ಲಿಗೆ ಹೋಗೋದು? ಕೋಲಾಟವನ್ನು ವೇದಿಕೆ ಮೇಲೆ ಆಡಬಹುದು. ಕದಿರನ್ನು ವೇದಿಕೆ ಮೇಲೆ ಬೆಳೆಯಲಾಗದು.

ನೀರಿನ ವಿಷಯವೂ ಹಾಗೆಯೇ. ಗದ್ದೆಯಲ್ಲಿ ನಿಂತು ಇಂಗುತ್ತಿದ್ದ ಮಳೆ, ಗದ್ದೆ ಮುಚ್ಚಿದ ಮೇಲೆ ಒಂದೇ ಸಲ ಓಡಿಹೋಗುತ್ತದೆ. ಮಳೆಗಾಲದಲ್ಲಿ ಪ್ರವಾಹ, ಬೇಸಿಗೆಯಲ್ಲಿ ಬತ್ತಿದ ಹೊಳೆ. ಬೆಟ್ಟದ ಕಷ್ಟ ಬೇರೆ. 2018ರ ಆಗಸ್ಟ್‌ನಲ್ಲಿ ಅತಿವೃಷ್ಟಿಯಿಂದ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಅನೇಕ ಊರುಗಳಲ್ಲಿ ಗುಡ್ಡ ಕುಸಿದು, ಮನೆ, ತೋಟ, ಗದ್ದೆ ಮಣ್ಣಿನಡಿ ಹೋದವು. 2020ರ ಆಗಸ್ಟ್ ಮೊದಲ ವಾರದ ರಾತ್ರಿ ತಲಕಾವೇರಿಯ ಬ್ರಹ್ಮಗಿರಿಯೇ ಜರಿದು, ಅರ್ಚಕರ ಮನೆ ಸಮೇತ ಐವರು ಪ್ರಾಣ ಕಳೆದುಕೊಂಡರು. ತೀರ್ಥ ಹುಟ್ಟುವ ಬೆಟ್ಟವೂ ಎಷ್ಟು ಭಾರ ಬೇಕಾದರೂ ಹೊರುತ್ತದೆ ಎಂದುಕೊಳ್ಳಬಾರದು ಎಂಬುದು ಅಂದು ಎಲ್ಲರಿಗೂ ತಿಳಿಯಿತು.

8. ಯಾತ್ರಾರ್ಥಿಗಳ ಗಮನಕ್ಕೆ

ಅ) ಜೂನ್‌ನಿಂದ ಆಗಸ್ಟ್‌ವರೆಗೆ ಜಿಲ್ಲಾಡಳಿತದ ಮಳೆ ಸೂಚನೆ ವಿಚಾರಿಸಿಯೇ ಹೊರಡಿ. ರಸ್ತೆ ಮುಚ್ಚಿದ್ದರೆ ಪೊಲೀಸರ ಹತ್ತಿರ ವಾದ ಮಾಡಬೇಡಿ.

ಆ) ತೀರ್ಥೋದ್ಭವ ಮತ್ತು ಪುತ್ತರಿಯ ಗಂಟೆಯನ್ನು ಆಯಾ ವರ್ಷವೇ ಕೇಳಿ ತಿಳಿಯಿರಿ. ಹೋದ ವರ್ಷದ ಗಂಟೆ ಈ ವರ್ಷಕ್ಕೆ ನಡೆಯದು.

ಇ) ತಲಕಾವೇರಿಯಲ್ಲಿ, ಸಂಗಮದಲ್ಲಿ ಸೋಪು, ಶಾಂಪೂ ಪೊಟ್ಟಣ, ಹಳೆ ಬಟ್ಟೆ ಬಿಡಬೇಡಿ. ಕೆಳಗೆ ಕುಡಿಯುವವರಲ್ಲಿ ನಿಮ್ಮ ನೆಂಟರೂ ಇರಬಹುದು.

ಈ) ಫೋಟೋಕ್ಕಾಗಿ ಗದ್ದೆಗೆ ಇಳಿಯಬೇಡಿ. ಬದು ಒಡೆದರೆ ನೀರು ನಿಲ್ಲುವುದಿಲ್ಲ. ಐನ್ ಮನೆಯ ಕದಿರು ಶಾಸ್ತ್ರಕ್ಕೆ ಕರೆದರೆ ಮಾತ್ರ ಹೋಗಿ, ಕರೆದರೆ ತಪ್ಪಿಸಬೇಡಿ.

ಉ) ಹೋಮ್‌ಸ್ಟೇಯಲ್ಲಿ ತಂಗುವವರು "ನಿಮ್ಮಲ್ಲಿ ಗದ್ದೆ ಮಾಡ್ತೀರಾ?" ಅಂತ ಒಂದು ಮಾತು ಕೇಳಿ. ಮಾಡುವವರ ಮನೆಯ ಅಕ್ಕಿ ಸಿಕ್ಕರೆ ನಾಲ್ಕು ಸೇರು ಕೊಂಡುಹೋಗಿ. ಬಂದವರು ಗದ್ದೆಗೆ ಬೆಲೆ ಕೊಡುತ್ತಾರೆ ಅಂತ ಗೊತ್ತಾದರೆ, ಬಿಡಬೇಕು ಅಂತಿದ್ದವರು ಇನ್ನೊಂದು ವರ್ಷ ನಾಟಿ ಮಾಡಿಯಾರು.

ನೆನಪಿಗೆ ಸುಲಭವಾಗಲೆಂದು ಮೇಲ್ಕಂಡದ್ದರ ಸಾರ: ಏಪ್ರಿಲ್ ಉಳುಮೆ, ಎಡಮ್ಯಾರ್. ಜೂನ್–ಆಗಸ್ಟ್ ನಾಟಿ. ಸೆಪ್ಟೆಂಬರ್ ಕೈಲ್ ಪೊಳ್ದ್. ಅಕ್ಟೋಬರ್ ತೆನೆ, ಕಾವೇರಿ ಸಂಕ್ರಮಣ. ನವೆಂಬರ್–ಡಿಸೆಂಬರ್ ಕೊಯ್ಲು, ಪುತ್ತರಿ. ಜನವರಿಯಿಂದ ಮುಂದೆ ಬಿಡುವು, ಯಾತ್ರೆ, ಊರ ದೇವರ ಹಬ್ಬ. ಯಾವ ತಿಂಗಳು ಬಂದರೂ ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ, ತಗ್ಗಿನ ಗದ್ದೆಯಲ್ಲಿ ಈಗ ಏನು ನಡೆಯುತ್ತಿದೆ ಅಂತ ನೋಡಿ. ಕೊಡಗಿನಲ್ಲಿ ಆ ತಿಂಗಳು ಯಾವ ಹಬ್ಬ ಎಂಬುದನ್ನು ಆ ಗದ್ದೆಯೇ ಹೇಳುತ್ತದೆ.